ಯೂರೋಪ್ ಪ್ರವಾಸಕ್ಕೆ ಯಾವ ಕಾರ್ಡ್? ಬ್ಯಾಂಕ್ ಹೇಳುವ ಶುಲ್ಕ, ಹೇಳದ ಶುಲ್ಕ

ಪ್ರಶ್ನೆ: ನಾನು, ನನ್ನ ಪತ್ನಿ ಇಬ್ಬರೂ ನಿವೃತ್ತ ಶಿಕ್ಷಕರು, ಇರುವುದು ಮೈಸೂರಿನಲ್ಲಿ. ಸೆಪ್ಟೆಂಬರ್‌ನಲ್ಲಿ ಎರಡು ವಾರ ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ ನೋಡಿ ಬರುವ ಯೋಚನೆ. ವಿಮಾನದ ಟಿಕೆಟ್ ಆಗಿದೆ. ಹೋಟೆಲ್, ರೈಲು, ಊಟ-ತಿಂಡಿ, ಸಣ್ಣಪುಟ್ಟ ಖರೀದಿಗೆ ಸುಮಾರು 3 ಲಕ್ಷ ರೂಪಾಯಿ ಬೇಕಾಗಬಹುದು. ನಮ್ಮ ಬ್ಯಾಂಕಿನವರು ಯೂರೋ ತುಂಬಿದ ಫಾರೆಕ್ಸ್ ಕಾರ್ಡ್ ತೆಗೆದುಕೊಳ್ಳಿ ಎನ್ನುತ್ತಾರೆ. ಮಗಳು 'ಜೀರೋ ಫಾರೆಕ್ಸ್' ಕ್ರೆಡಿಟ್ ಕಾರ್ಡ್ ಮಾಡಿಸಿ ಎನ್ನುತ್ತಾಳೆ. ನಮ್ಮಲ್ಲಿರುವುದು ಪಿಂಚಣಿ ಖಾತೆಯ ಡೆಬಿಟ್ ಕಾರ್ಡ್ ಮಾತ್ರ. ಯಾವುದು ಅಗ್ಗ? ಯಾವುದನ್ನು ನಂಬಬಹುದು?

ಉತ್ತರ: ಮಗಳು ಹೇಳಿದ್ದೇ ಸರಿ. ಬಿಲ್ ಬಂದ ಮೇಲೆ ಗಡುವಿನೊಳಗೆ ಪೂರ್ತಿ ಹಣ ಕಟ್ಟುವವರಿಗೆ ಮಾರ್ಕಪ್ ಎಂಬ ಹೆಚ್ಚುವರಿ ಶುಲ್ಕ ಇಲ್ಲದ ('ಜೀರೋ ಫಾರೆಕ್ಸ್') ಕ್ರೆಡಿಟ್ ಕಾರ್ಡ್‌ಗಿಂತ ಅಗ್ಗದ್ದು ಸದ್ಯ ಬೇರೆ ಇಲ್ಲ. ಆದರೆ ಅದೊಂದನ್ನೇ ನಂಬಿ ವಿಮಾನ ಹತ್ತಬೇಡಿ. ಅಗ್ಗದ ಕಾರ್ಡ್ ಕೈಯಲ್ಲಿದ್ದೂ ದುಬಾರಿಯಾಗಿ ಹಣ ಕಳೆದುಕೊಳ್ಳುವ ದಾರಿಗಳಿವೆ. ಅವನ್ನು ತಿಳಿದುಕೊಳ್ಳುವುದು ಕಾರ್ಡ್ ಆರಿಸುವುದಕ್ಕಿಂತ ಮುಖ್ಯ.

ಮೊದಲು ಮಾರ್ಕಪ್ ವಿಷಯ. ನೀವು ಪ್ಯಾರಿಸ್‌ನಲ್ಲಿ ಯೂರೋದಲ್ಲಿ ಖರ್ಚು ಮಾಡಿದಾಗ ಅದನ್ನು ರೂಪಾಯಿಗೆ ಪರಿವರ್ತಿಸುವುದು ವೀಸಾ ಅಥವಾ ಮಾಸ್ಟರ್‌ಕಾರ್ಡ್. ಅವರ ದರ ಸಾಮಾನ್ಯವಾಗಿ ಮಾರುಕಟ್ಟೆ ದರದ ಹತ್ತಿರವೇ ಇರುತ್ತದೆ. ಎರಡೂ ಕಂಪನಿಗಳ ವೆಬ್‌ಸೈಟ್‌ನಲ್ಲಿ ಕ್ಯಾಲ್ಕುಲೇಟರ್ ಇದೆ, ಇತ್ತೀಚಿನ ಯಾವ ದಿನದ ದರವನ್ನಾದರೂ ನೋಡಬಹುದು. ಆ ದರದ ಮೇಲೆ ನಿಮ್ಮ ಬ್ಯಾಂಕ್ ಹಾಕಿಕೊಳ್ಳುವ ಹೆಚ್ಚುವರಿಯೇ ಮಾರ್ಕಪ್. ಭಾರತದ ಬಹುತೇಕ ಸಾಮಾನ್ಯ ಕ್ರೆಡಿಟ್ ಮತ್ತು ಡೆಬಿಟ್ ಕಾರ್ಡ್‌ಗಳಲ್ಲಿ ಇದು ಶೇ. 3.5ರ ಆಸುಪಾಸು, ದುಬಾರಿ ಪ್ರೀಮಿಯಂ ಕಾರ್ಡ್‌ಗಳಲ್ಲಿ ಶೇ. 2ರ ಆಸುಪಾಸು. ಮಾರ್ಕಪ್ ಮೇಲೆ ಮತ್ತೆ ಶೇ. 18 ಜಿಎಸ್‌ಟಿ ಬೀಳುತ್ತದೆ. ಹಾಗಾಗಿ ಶೇ. 3.5 ಎನ್ನುವುದು ನಿಜದಲ್ಲಿ ಶೇ. 4.13, ಶೇ. 2 ಎನ್ನುವುದು ಶೇ. 2.36.

ನಿಮ್ಮ 3 ಲಕ್ಷಕ್ಕೆ ಲೆಕ್ಕ ಹಾಕಿ. ಸಾಮಾನ್ಯ ಕಾರ್ಡ್‌ನಲ್ಲಿ 12,390 ರೂಪಾಯಿ ಮಾರ್ಕಪ್‌ಗೇ ಹೋಗುತ್ತದೆ. ಶೇ. 2ರ ಕಾರ್ಡ್‌ನಲ್ಲಿ 7,080. ಮಾರ್ಕಪ್ ಇಲ್ಲದ ಕಾರ್ಡ್‌ನಲ್ಲಿ ಸೊನ್ನೆ. ಪ್ರೀಮಿಯಂ ಕಾರ್ಡ್‌ನ ರಿವಾರ್ಡ್ ಪಾಯಿಂಟ್‌ಗಳಿಂದ ಮಾರ್ಕಪ್ ವಾಪಸ್ ಬರುತ್ತದೆ ಎಂದು ಮಾರುವವರು ಹೇಳುತ್ತಾರೆ. ಪಾಯಿಂಟ್‌ಗಳನ್ನು ತಿಂಗಳು ತಿಂಗಳು ಲೆಕ್ಕವಿಟ್ಟು, ವಿಮಾನ ಟಿಕೆಟ್‌ಗೆ ಬದಲಿಸಿಕೊಳ್ಳುವ ಅಭ್ಯಾಸ ಇರುವವರಿಗೆ ಅದು ನಿಜ. ಒಂದು ಪ್ರವಾಸಕ್ಕೆ ಕಾರ್ಡ್ ಮಾಡಿಸುವವರಿಗೆ ಅಲ್ಲ.

ಇನ್ನು ಬ್ಯಾಂಕಿನವರು ಹೇಳುವ ಫಾರೆಕ್ಸ್ ಕಾರ್ಡ್. 'ಇದರಲ್ಲಿ ಮಾರ್ಕಪ್ ಇಲ್ಲ' ಎಂಬ ಅವರ ಮಾತು ಸುಳ್ಳಲ್ಲ, ಅರ್ಧ ಸತ್ಯ. ಶುಲ್ಕವನ್ನು ಖರ್ಚು ಮಾಡುವಾಗ ತೆಗೆದುಕೊಳ್ಳದೆ, ಕಾರ್ಡ್‌ಗೆ ಯೂರೋ ತುಂಬುವಾಗಲೇ ದರದೊಳಗೆ ಸೇರಿಸಿಬಿಡುತ್ತಾರೆ. ಮಾರುಕಟ್ಟೆಯಲ್ಲಿ ಯೂರೋ 100 ರೂಪಾಯಿ ಇದೆ ಎಂದುಕೊಳ್ಳಿ (ಲೆಕ್ಕ ಸುಲಭವಾಗಲಿ ಎಂದು ಈ ಸಂಖ್ಯೆ). ಬ್ಯಾಂಕ್ ನಿಮಗೆ 101.50ಕ್ಕೆ ಕೊಟ್ಟರೆ ಶೇ. 1.5 ಅಲ್ಲೇ ಹೋಯಿತು, 3 ಲಕ್ಷಕ್ಕೆ 4,500 ರೂಪಾಯಿ. ಜೊತೆಗೆ ವಿದೇಶಿ ಹಣ ಕೊಳ್ಳುವುದಕ್ಕೇ ಪ್ರತ್ಯೇಕ ಜಿಎಸ್‌ಟಿ ಇದೆ: 1 ಲಕ್ಷದವರೆಗಿನ ಮೊತ್ತದ ಶೇ. 1ನ್ನು, ಅದರ ಮೇಲೆ 10 ಲಕ್ಷದವರೆಗಿನ ಮೊತ್ತದ ಶೇ. 0.5ನ್ನು ಸೇವೆಯ ಬೆಲೆ ಎಂದು ಹಿಡಿದು, ಆ ಬೆಲೆಗೆ ಶೇ. 18 ಹಾಕುತ್ತಾರೆ. 3 ಲಕ್ಷಕ್ಕೆ ಸೇವೆಯ ಬೆಲೆ 2,000, ತೆರಿಗೆ 360 ರೂಪಾಯಿ. ಇದರ ಮೇಲೆ ಕಾರ್ಡ್ ಕೊಡುವ ಶುಲ್ಕ ಮತ್ತು ಎಟಿಎಂ ಶುಲ್ಕ. ವಾಪಸ್ ಬಂದ ಮೇಲೆ ಉಳಿದ ಯೂರೋವನ್ನು ಬ್ಯಾಂಕ್ ಕಡಿಮೆ ದರಕ್ಕೆ ಕೊಳ್ಳುತ್ತದೆ, ಅಲ್ಲೂ ಒಂದಿಷ್ಟು ನಷ್ಟ. ಕೌಂಟರ್‌ನಲ್ಲಿ ಕುಳಿತಾಗ 'ಮಾರ್ಕಪ್ ಎಷ್ಟು?' ಎಂದು ಕೇಳಬೇಡಿ. 'ಎಲ್ಲಾ ಸೇರಿ 1,000 ಯೂರೋ ಕಾರ್ಡ್‌ಗೆ ಬರಲು ನನ್ನ ಖಾತೆಯಿಂದ ಎಷ್ಟು ರೂಪಾಯಿ ಹೋಗುತ್ತದೆ?' ಎಂದು ಕೇಳಿ. ಆ ಒಂದು ಸಂಖ್ಯೆಯನ್ನು ಅದೇ ಗಳಿಗೆಯ ಮಾರುಕಟ್ಟೆ ದರದ ಜೊತೆ ಹೋಲಿಸಿ ನೋಡಿ. ದರ ಇಳಿಸಿ ಎಂದು ಕೇಳಬಹುದು, ಹಲವು ಶಾಖೆಗಳಲ್ಲಿ ಇಳಿಸುತ್ತಾರೆ.

ನಿಮ್ಮ ಪ್ರವಾಸಕ್ಕೆ ಯೂರೋ ಕಾರ್ಡ್ ಸರಿಹೊಂದದಿರಲು ಇನ್ನೊಂದು ಕಾರಣವಿದೆ. ಸ್ವಿಟ್ಜರ್ಲೆಂಡ್‌ನಲ್ಲಿ ನಡೆಯುವುದು ಯೂರೋ ಅಲ್ಲ, ಫ್ರಾಂಕ್. ಯೂರೋ ಮಾತ್ರ ತುಂಬಿದ ಕಾರ್ಡ್ ಅನ್ನು ಇಂಟರ್‌ಲಾಕನ್‌ನಲ್ಲಿ ಉಜ್ಜಿದರೆ ಕ್ರಾಸ್ ಕರೆನ್ಸಿ ಶುಲ್ಕ ಬೀಳುತ್ತದೆ, ಅದೂ ಸಾಮಾನ್ಯವಾಗಿ ಶೇ. 3.5ರವರೆಗೆ. ಅಂದರೆ ರೂಪಾಯಿಯಿಂದ ಯೂರೋಗೆ ಒಮ್ಮೆ, ಯೂರೋದಿಂದ ಫ್ರಾಂಕ್‌ಗೆ ಇನ್ನೊಮ್ಮೆ ಕೊಟ್ಟ ಹಾಗೆ. ಮಲ್ಟಿ ಕರೆನ್ಸಿ ಕಾರ್ಡ್‌ನಲ್ಲಿ ಫ್ರಾಂಕ್‌ನ ಪ್ರತ್ಯೇಕ ವ್ಯಾಲೆಟ್ ತುಂಬಿಸಿಕೊಂಡರೆ ಇದು ತಪ್ಪುತ್ತದೆ. ಆದರೆ ಯಾವ ದೇಶದಲ್ಲಿ ಎಷ್ಟು ಖರ್ಚಾಗುತ್ತದೆ ಎಂದು ಮೊದಲೇ ಊಹಿಸಬೇಕು. ಫ್ರಾಂಕ್ ಮುಗಿದರೆ ಕಾರ್ಡ್ ತಾನಾಗಿ ಯೂರೋ ವ್ಯಾಲೆಟ್‌ನಿಂದ ಎಳೆದುಕೊಳ್ಳುತ್ತದೆ, ಶುಲ್ಕ ಮತ್ತೆ ಹಾಜರು.

ಹಾಗೆಂದು ಫಾರೆಕ್ಸ್ ಕಾರ್ಡ್ ಕೆಟ್ಟದ್ದಲ್ಲ. ದರ ಇಂದೇ ನಿಗದಿಯಾಗಬೇಕು, ರೂಪಾಯಿ ಕುಸಿದರೆ ತೊಂದರೆಯಾಗಬಾರದು ಎನ್ನುವವರಿಗೆ, ಓದಲು ಹೋಗುವ ಮಕ್ಕಳಿಗೆ, ಕ್ರೆಡಿಟ್ ಕಾರ್ಡ್ ಬೇಡವೇ ಬೇಡ ಎನ್ನುವವರಿಗೆ ಅದು ಒಳ್ಳೆಯದು. ಕಳೆದುಹೋದರೂ ಅಪಾಯ ಕಾರ್ಡ್‌ನಲ್ಲಿರುವ ಹಣಕ್ಕೆ ಮಾತ್ರ, ಪಿಂಚಣಿ ಖಾತೆಗೆ ಅಲ್ಲ. ನಿಮಗೆ ಅದು ಎರಡನೇ ಕಾರ್ಡ್ ಆಗಿ ಉಪಯೋಗಕ್ಕೆ ಬರುತ್ತದೆ.

ಸಂಬಳದ ಚೀಟಿ ಇಲ್ಲದವರಿಗೆ ಕ್ರೆಡಿಟ್ ಕಾರ್ಡ್ ಹೇಗೆ?

ನಿವೃತ್ತರು ಅರ್ಜಿ ಹಾಕಿದಾಗ ವಯಸ್ಸು ಅಥವಾ ಆದಾಯದ ದಾಖಲೆ ನೋಡಿ ತಿರಸ್ಕರಿಸುವುದುಂಟು. ಇದಕ್ಕೆ ಸರಳ ಪರಿಹಾರ ಎಫ್‌ಡಿ ಮೇಲಿನ ಕ್ರೆಡಿಟ್ ಕಾರ್ಡ್. ಬ್ಯಾಂಕಿನಲ್ಲಿ ಒಂದು ಠೇವಣಿ ಇಡುತ್ತೀರಿ, ಅದಕ್ಕೆ ತಕ್ಕ ಕ್ರೆಡಿಟ್ ಮಿತಿ ಸಿಗುತ್ತದೆ. ಠೇವಣಿಗೆ ಬಡ್ಡಿ ಎಂದಿನಂತೆ ಬರುತ್ತದೆ. ಕಾರ್ಡ್ ಮುಚ್ಚುವವರೆಗೆ ಆ ಠೇವಣಿಯನ್ನು ಮುರಿಯುವಂತಿಲ್ಲ, ಅಷ್ಟೇ. ಐಡಿಎಫ್‌ಸಿ ಫಸ್ಟ್ ಬ್ಯಾಂಕಿನ 'ವಾವ್' ಕಾರ್ಡ್ ಈ ಬಗೆಯದು, ಮಾರ್ಕಪ್ ಇಲ್ಲ ಎಂಬುದೇ ಅದರ ಹೆಸರುವಾಸಿ ಗುಣ. ಆದಾಯದ ದಾಖಲೆ ಇರುವವರಿಗೆ ಫೆಡರಲ್ ಬ್ಯಾಂಕ್ ಜೊತೆಗಿನ 'ಸ್ಕಾಪಿಯಾ', ಆರ್‌ಬಿಎಲ್ ಬ್ಯಾಂಕಿನ 'ವರ್ಲ್ಡ್ ಸಫಾರಿ' ಕೂಡ ಇದೇ ಸಾಲಿನವು. ಕ್ರೆಡಿಟ್ ಬೇಡ ಎನ್ನುವವರಿಗೆ 'ನಿಯೋ' ಮೂಲಕ ಸಿಗುವಂಥ ಮಾರ್ಕಪ್ ಇಲ್ಲದ ಡೆಬಿಟ್ ಕಾರ್ಡ್‌ಗಳಿವೆ. ಬ್ಯಾಂಕ್‌ಗಳು ಷರತ್ತುಗಳನ್ನು ಆಗಾಗ ಬದಲಿಸುತ್ತವೆ. ಜಾಹೀರಾತು ನೋಡಿ ಅರ್ಜಿ ಹಾಕಬೇಡಿ. ಬ್ಯಾಂಕಿನ ವೆಬ್‌ಸೈಟ್‌ನಲ್ಲಿ 'ಮೋಸ್ಟ್ ಇಂಪಾರ್ಟೆಂಟ್ ಟರ್ಮ್ಸ್ ಅಂಡ್ ಕಂಡೀಷನ್ಸ್' ಎಂಬ ಕಡತ ಇರಲೇಬೇಕು. ಅದನ್ನು ತೆರೆದು 'ಫಾರಿನ್ ಕರೆನ್ಸಿ' ಮತ್ತು 'ಕ್ಯಾಶ್ ಅಡ್ವಾನ್ಸ್' ಎಂಬ ಎರಡು ಸಾಲುಗಳನ್ನು ಓದಿ.

ಮಿತಿಯ ಬಗ್ಗೆ ಒಂದು ಮಾತು. 3 ಲಕ್ಷ ಖರ್ಚಿದೆ ಎಂದು 3 ಲಕ್ಷದ ಮಿತಿ ಸಾಲದು, ಹೋಟೆಲ್‌ಗಳು ಚೆಕ್-ಇನ್ ವೇಳೆ ಮುಂಗಡ ಹಿಡಿತ ಹಾಕುತ್ತವೆ, ಅಂದರೆ ಒಂದಿಷ್ಟು ಮೊತ್ತವನ್ನು ಖರ್ಚು ಮಾಡದೆ ಕಾರ್ಡ್‌ನಲ್ಲೇ ತಡೆದಿಡುತ್ತವೆ. ನೀವು ಕೋಣೆ ಬಿಟ್ಟ ಮೇಲೂ ಆ ಹಿಡಿತ ಸಡಿಲವಾಗಲು ಹಲವು ದಿನ, ಕೆಲವೊಮ್ಮೆ ವಾರಗಳೇ ಬೇಕು. ಕ್ರೆಡಿಟ್ ಕಾರ್ಡ್‌ನಲ್ಲಾದರೆ ಮಿತಿ ಮಾತ್ರ ತಗ್ಗುತ್ತದೆ. ಫಾರೆಕ್ಸ್ ಅಥವಾ ಡೆಬಿಟ್ ಕಾರ್ಡ್‌ನಲ್ಲಾದರೆ ನಿಮ್ಮ ನಿಜವಾದ ಹಣವೇ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಊಟಕ್ಕೆಂದು ಇಟ್ಟ ಯೂರೋ ಕಾರ್ಡ್‌ನಲ್ಲಿದ್ದೂ ಇಲ್ಲದಂತೆ. ಹೋಟೆಲ್‌ಗೆ ಯಾವಾಗಲೂ ಕ್ರೆಡಿಟ್ ಕಾರ್ಡ್ ಕೊಡಿ. ಮೂರು ದೇಶಗಳ ಹೋಟೆಲ್‌ಗಳನ್ನು ಇಲ್ಲಿಂದಲೇ ಬುಕ್ ಮಾಡಿ ಹಣ ಕಟ್ಟಿ, ಹೊರಡುವ ಮುಂಚೆ ಆ ಬಿಲ್ ತೀರಿಸಿಬಿಟ್ಟರೆ ಮಿತಿ ಮತ್ತೆ ಪೂರ್ತಿ ಬಳಕೆಗೆ ಸಿಗುತ್ತದೆ. ನಿಮ್ಮಂಥವರಿಗೆ ಇದೇ ಅನುಕೂಲ.

ಬಿಲ್ ಗಡುವು ನೀವು ಪ್ರವಾಸದಲ್ಲಿರುವಾಗಲೇ ಬೀಳಬಹುದು. ಆಟೋ ಡೆಬಿಟ್ ಹಾಕಿಸಿ, 'ಕನಿಷ್ಠ ಮೊತ್ತ' ಅಲ್ಲ, 'ಪೂರ್ಣ ಮೊತ್ತ' ಎಂದು ಆರಿಸಿ. ಬಾಕಿ ಉಳಿಸಿದರೆ ತಿಂಗಳಿಗೆ ಶೇ. 3ಕ್ಕಿಂತ ಹೆಚ್ಚು ಬಡ್ಡಿ ಹಾಕುವ ಕಾರ್ಡ್‌ಗಳೇ ಹೆಚ್ಚು. ಮಾರ್ಕಪ್‌ನಲ್ಲಿ ಉಳಿಸಿದ್ದೆಲ್ಲ ಒಂದೇ ತಿಂಗಳಲ್ಲಿ ಹೋಗುತ್ತದೆ.

ರೂಪಾಯಿಯಲ್ಲಿ ಕೊಡಬೇಡಿ

ಈ ಉತ್ತರದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಪ್ಯಾರಿಸ್‌ನ ಹೋಟೆಲೊಂದರಲ್ಲಿ ಊಟದ ಬಿಲ್ 80 ಯೂರೋ ಆಗಿದೆ. ಮಾಣಿ ಕಾರ್ಡ್ ಯಂತ್ರ ತಂದು ಹಿಡಿಯುತ್ತಾನೆ. ನಿಮ್ಮದು ಭಾರತದ ಕಾರ್ಡ್ ಎಂದು ಯಂತ್ರಕ್ಕೆ ಗೊತ್ತಾಗುತ್ತದೆ, ಪರದೆಯ ಮೇಲೆ ಎರಡು ಆಯ್ಕೆ ಬರುತ್ತವೆ: ಒಂದೆಡೆ 80.00 ಯೂರೋ, ಇನ್ನೊಂದೆಡೆ 8,480 ರೂಪಾಯಿ. ನಮ್ಮ ದುಡ್ಡಿನಲ್ಲಿ ಕಾಣುತ್ತಿದೆಯಲ್ಲ ಎಂದು ರೂಪಾಯಿ ಒತ್ತಿದರೆ, ಯೂರೋ 100 ರೂಪಾಯಿ ಇದ್ದ ದಿನ ಶೇ. 6 ಹೆಚ್ಚು ಕೊಟ್ಟಂತೆ. ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್, ಚಿಕ್ಕದಾಗಿ ಡಿಸಿಸಿ ಎನ್ನುತ್ತಾರೆ. ಪರಿವರ್ತನೆಯ ಕೆಲಸ ವೀಸಾ, ಮಾಸ್ಟರ್‌ಕಾರ್ಡ್ ಕೈಯಿಂದ ಅಂಗಡಿಯ ಬ್ಯಾಂಕಿನ ಕೈಗೆ ಹೋಗುತ್ತದೆ, ದರ ಅವರದ್ದೇ, ಲಾಭದಲ್ಲಿ ಅಂಗಡಿಗೂ ಪಾಲು. ನಿಮ್ಮ ಕಾರ್ಡ್ 'ಜೀರೋ ಮಾರ್ಕಪ್' ಆಗಿದ್ದರೂ ಇಲ್ಲಿ ಏನೂ ರಕ್ಷಣೆಯಿಲ್ಲ. ಸಾಲದ್ದಕ್ಕೆ, ವಿದೇಶಿ ವ್ಯಾಪಾರಿಗೆ ರೂಪಾಯಿಯಲ್ಲಿ ಕೊಟ್ಟ ವಹಿವಾಟಿಗೆ ಶೇ. 1ರಷ್ಟು ಶುಲ್ಕ ಹಾಗೂ ಜಿಎಸ್‌ಟಿ ಹಾಕುವ ಭಾರತದ ಬ್ಯಾಂಕ್‌ಗಳೂ ಇವೆ.

ಕೆಲವು ಕಡೆ ಮಾಣಿಯೇ ನಿಮ್ಮನ್ನು ಕೇಳದೆ ರೂಪಾಯಿ ಒತ್ತಿರುತ್ತಾನೆ. ಯಂತ್ರವನ್ನು ನಿಮ್ಮ ಕೈಗೆ ತೆಗೆದುಕೊಂಡು ನೋಡಿ. ಪಿನ್ ಹಾಕುವ ಮುಂಚೆ ಪರದೆಯಲ್ಲಿ ಸ್ಥಳೀಯ ನಾಣ್ಯವೇ ಇರಬೇಕು. ಚೀಟಿ ರೂಪಾಯಿಯಲ್ಲಿ ಬಂದರೆ ಆಗಲೇ ಅದನ್ನು ರದ್ದು ಮಾಡಿಸಿ ಯೂರೋದಲ್ಲಿ ಮತ್ತೆ ಮಾಡಲು ಹೇಳಿ. ಊರಿಗೆ ಬಂದು ದೂರು ಕೊಟ್ಟರೆ 'ನೀವೇ ಒಪ್ಪಿ ಪಿನ್ ಹಾಕಿದ್ದೀರಿ' ಎಂಬ ಉತ್ತರ ಬರುವ ಸಂಭವವೇ ಹೆಚ್ಚು.

ಎಟಿಎಂಗಳಲ್ಲಿ ಈ ಬಲೆ ಇನ್ನೂ ಬಿಗಿ. ಮೊತ್ತ ಒತ್ತಿದ ಮೇಲೆ ರೂಪಾಯಿ ದರ ತೋರಿಸಿ 'ಆಕ್ಸೆಪ್ಟ್ ಕನ್ವರ್ಷನ್', 'ಡಿಕ್ಲೈನ್ ಕನ್ವರ್ಷನ್' ಎಂಬ ಎರಡು ಗುಂಡಿ ಕೊಡುತ್ತದೆ. ಡಿಕ್ಲೈನ್ ಒತ್ತಿದರೆ ಹಣವೇ ಬರುವುದಿಲ್ಲವೇನೋ ಎಂದು ಹೆದರಿ ಆಕ್ಸೆಪ್ಟ್ ಒತ್ತುವವರು ಬಹಳ ಜನ. ಡಿಕ್ಲೈನ್ ಒತ್ತಿ, ಹಣ ಬರುತ್ತದೆ. ನಿರಾಕರಣೆ ಪರಿವರ್ತನೆಗೆ ಮಾತ್ರ. ಪ್ರವಾಸಿ ಬೀದಿಗಳಲ್ಲಿ ಒಂಟಿಯಾಗಿ ನಿಂತಿರುವ, ಯೂರೋನೆಟ್‌ನಂಥ ಬ್ಯಾಂಕೇತರ ಕಂಪನಿಗಳ ಎಟಿಎಂ ಬಿಟ್ಟು, ಬ್ಯಾಂಕ್ ಶಾಖೆಗೆ ಅಂಟಿಕೊಂಡಿರುವ ಎಟಿಎಂ ಹುಡುಕಿ. ಕಾರ್ಡ್ ಸಿಕ್ಕಿಕೊಂಡರೆ ಒಳಗೆ ಹೋಗಿ ಕೇಳುವುದಕ್ಕೂ ಅಲ್ಲಿ ಜನ ಇರುತ್ತಾರೆ.

ಹೋಟೆಲ್ ಬುಕಿಂಗ್ ಜಾಲತಾಣಗಳಲ್ಲೂ ಇದೇ ಕಥೆ. ಭಾರತದಿಂದ ತೆರೆದರೆ ಬೆಲೆ ರೂಪಾಯಿಯಲ್ಲಿ ಕಾಣುತ್ತದೆ. ಮಾರ್ಕಪ್ ಇಲ್ಲದ ಕಾರ್ಡ್ ಇದ್ದವರು ಬೆಲೆಯನ್ನು ಯೂರೋ ಅಥವಾ ಫ್ರಾಂಕ್‌ಗೆ ಬದಲಿಸಿ ಒಮ್ಮೆ ಹೋಲಿಸಿ, ಆಮೇಲೆ ಪಾವತಿಸಿ.

ನಗದು ಎಷ್ಟು, ಎಲ್ಲಿಂದ?

ಕ್ರೆಡಿಟ್ ಕಾರ್ಡ್‌ನಿಂದ ಎಟಿಎಂನಲ್ಲಿ ಹಣ ತೆಗೆಯಬೇಡಿ. ಸಾಮಾನ್ಯವಾಗಿ ಶೇ. 2.5ರಷ್ಟು, ಕನಿಷ್ಠ 500 ರೂಪಾಯಿ ಶುಲ್ಕ ಬೀಳುತ್ತದೆ, ಬಡ್ಡಿ ತೆಗೆದ ದಿನದಿಂದಲೇ ಶುರು. ಕೆಲವು ಕಾರ್ಡ್‌ಗಳ ಷರತ್ತು ಇದಕ್ಕಿಂತ ಉದಾರವಾಗಿದೆ, ಆದರೆ ಕಡತದಲ್ಲಿ ಕಣ್ಣಾರೆ ಓದಿದ ಮೇಲೆ ನಂಬಿ. ಡೆಬಿಟ್ ಕಾರ್ಡ್‌ನಿಂದ ತೆಗೆದರೆ ಮಾರ್ಕಪ್ ಜೊತೆಗೆ ಪ್ರತಿ ಬಾರಿಗೂ ನಿಗದಿತ ಶುಲ್ಕ ಇರುತ್ತದೆ, ಹಾಗಾಗಿ ಹತ್ತು ಸಲ 20 ಯೂರೋ ತೆಗೆಯುವ ಬದಲು ಒಂದೇ ಸಲ 200 ತೆಗೆಯಬೇಕು. ವಿದೇಶದ ಎಟಿಎಂನಲ್ಲಿ ಬ್ಯಾಲೆನ್ಸ್ ನೋಡಿದ್ದಕ್ಕೂ ಶುಲ್ಕ ಹಾಕುವ ಬ್ಯಾಂಕ್‌ಗಳಿವೆ, ಬ್ಯಾಲೆನ್ಸ್ ಮೊಬೈಲ್‌ನಲ್ಲಿ ನೋಡಿಕೊಳ್ಳಿ.

ನಿಮಗೆ ಹೆಚ್ಚು ನಗದು ಬೇಕಾಗುವುದಿಲ್ಲ. ಮೂರೂ ದೇಶಗಳಲ್ಲಿ ಕಾಫಿಗೂ ಕಾರ್ಡ್ ನಡೆಯುತ್ತದೆ. ಇಟಲಿಯಲ್ಲಿ ಹೋಟೆಲ್‌ನವರು ಊರಿನ ಪ್ರವಾಸಿ ತೆರಿಗೆಯನ್ನು ನಗದಾಗಿ ಕೇಳುವುದುಂಟು, ಶೌಚಾಲಯಕ್ಕೆ ಚಿಲ್ಲರೆ ಬೇಕಾಗಬಹುದು, ಸಂತೆಯಲ್ಲಿ ಹಣ್ಣು ಕೊಳ್ಳಬಹುದು. ಮೈಸೂರಿನಲ್ಲೇ ಅಧಿಕೃತ ವಿನಿಮಯ ಕೇಂದ್ರದಲ್ಲಿ 250 ಯೂರೋ, 100 ಫ್ರಾಂಕ್ ಕೊಂಡರೆ ಸಾಕು. 20, 10ರ ನೋಟುಗಳನ್ನೇ ಕೇಳಿ. ವಿಮಾನ ನಿಲ್ದಾಣದ ಕೌಂಟರ್‌ನಲ್ಲಿ ಕೊಳ್ಳಬೇಡಿ, ಅಲ್ಲಿನ ದರ ಸಾಮಾನ್ಯವಾಗಿ ಊರೊಳಗಿನದಕ್ಕಿಂತ ಕೆಟ್ಟದ್ದು. ಸ್ವಿಸ್ ಅಂಗಡಿಗಳು ಯೂರೋ ನೋಟು ತೆಗೆದುಕೊಂಡರೂ ದರ ಅವರದ್ದು, ಚಿಲ್ಲರೆ ಫ್ರಾಂಕ್‌ನಲ್ಲಿ.

ಹೊರಡುವ ಮುಂಚೆ

ಪಿಂಚಣಿ ಖಾತೆಯ ಆ ಡೆಬಿಟ್ ಕಾರ್ಡ್ ಅನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. 'ವ್ಯಾಲಿಡ್ ಓನ್ಲಿ ಇನ್ ಇಂಡಿಯಾ' ಎಂದು ಅಚ್ಚಾಗಿದ್ದರೆ ಅದು ಅಲ್ಲಿ ನಡೆಯುವುದೇ ಇಲ್ಲ. ರುಪೇ ಕಾರ್ಡ್ ಆಗಿದ್ದರೆ, ಅಂತರರಾಷ್ಟ್ರೀಯ ಬಗೆಯದಾದರೂ ಅದು ಡಿಸ್ಕವರ್, ಡೈನರ್ಸ್ ಕ್ಲಬ್ ಜಾಲಗಳ ಮೂಲಕ ನಡೆಯುವಂಥದ್ದು, ಯೂರೋಪಿನ ಸಣ್ಣ ಅಂಗಡಿಗಳಲ್ಲಿ ವೀಸಾ, ಮಾಸ್ಟರ್‌ಕಾರ್ಡ್‌ನಷ್ಟು ನಿರಾತಂಕವಲ್ಲ. ಮುಖ್ಯ ಕಾರ್ಡ್ ವೀಸಾ ಆದರೆ ಎರಡನೆಯದು ಮಾಸ್ಟರ್‌ಕಾರ್ಡ್ ಇರಲಿ, ಎರಡೂ ಬೇರೆ ಬೇರೆ ಬ್ಯಾಂಕಿನವಾಗಿರಲಿ. ಒಂದು ನಿಮ್ಮ ಹತ್ತಿರ, ಇನ್ನೊಂದು ನಿಮ್ಮ ಪತ್ನಿಯ ಹತ್ತಿರ. ಒಂದೇ ಖಾತೆಯ ಆಡ್-ಆನ್ ಕಾರ್ಡ್ ಮಾಡಿಸಿದರೆ ಈ ರಕ್ಷಣೆ ಸಿಗುವುದಿಲ್ಲ, ಮಿತಿಯೂ ಒಂದೇ, ಖಾತೆ ತಡೆಹಿಡಿದರೆ ಎರಡೂ ನಿಲ್ಲುತ್ತವೆ. ರೋಮ್ ಮೆಟ್ರೊ ಗೇಟ್‌ನಲ್ಲಿ ಬ್ಯಾಂಕ್ ಕಾರ್ಡ್ ಟ್ಯಾಪ್ ಮಾಡಿ ಒಳಹೋಗಬಹುದು, ಅಲ್ಲಿಯೂ ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು.

ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಂತೆ ಹೊಸ ಕಾರ್ಡ್‌ಗಳು ಭಾರತದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ವಿದೇಶಿ ಬಳಕೆಯನ್ನು ನೀವೇ ಆ್ಯಪ್‌ನಲ್ಲಿ ಚಾಲೂ ಮಾಡಬೇಕು. ಅಂಗಡಿ ಯಂತ್ರ, ಆನ್‌ಲೈನ್, ಟ್ಯಾಪ್, ಎಟಿಎಂ ನಾಲ್ಕಕ್ಕೂ ಬೇರೆ ಬೇರೆ ಗುಂಡಿ, ಬೇರೆ ಬೇರೆ ಮಿತಿ. ಗುಂಡಿ ಚಾಲೂ ಇದ್ದು ಮಿತಿ ಸೊನ್ನೆಯಲ್ಲೇ ಉಳಿದಿದ್ದರಿಂದ ಕಾರ್ಡ್ ನಿರಾಕರಣೆಯಾಗುವುದು ತೀರಾ ಸಾಮಾನ್ಯ, ಎರಡನ್ನೂ ನೋಡಿ. ಕ್ರೆಡಿಟ್ ಕಾರ್ಡ್‌ಗೂ ಪಿನ್ ಹಾಕಿಕೊಂಡು, ಮೈಸೂರಿನ ಯಾವುದಾದರೂ ಅಂಗಡಿಯಲ್ಲಿ ಚಿಪ್ ತೂರಿಸಿ ಪಿನ್ ಒತ್ತಿ ಒಮ್ಮೆ ಬಳಸಿ. ಟ್ಯಾಪ್‌ಗೆ ಪಿನ್ ಬೇಡದ ಮಿತಿ ಯೂರೋ ದೇಶಗಳಲ್ಲಿ ಸಾಮಾನ್ಯವಾಗಿ 50 ಯೂರೋ, ಸ್ವಿಟ್ಜರ್ಲೆಂಡ್‌ನಲ್ಲಿ 80 ಫ್ರಾಂಕ್. ಅದರಾಚೆಗೆ, ರೈಲು ಟಿಕೆಟ್ ಯಂತ್ರಗಳಲ್ಲಿ ಕೂಡ, ಪಿನ್ ಕೇಳುತ್ತದೆ. ಮೂರು ಸಲ ತಪ್ಪಿದರೆ ಕಾರ್ಡ್ ಬೀಗ ಹಾಕಿಕೊಳ್ಳುತ್ತದೆ.

ಮಾರ್ಕಪ್ ನಿಜವಾಗಿಯೂ ಇಲ್ಲವೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ರೈಲು ಅಥವಾ ಮ್ಯೂಸಿಯಂ ಟಿಕೆಟ್ ಒಂದನ್ನು ಯೂರೋದಲ್ಲಿ ಕೊಳ್ಳಿ, ಹೇಗೂ ಬೇಕಾದದ್ದೇ. ಎರಡು ಮೂರು ದಿನದಲ್ಲಿ ಆ ವಹಿವಾಟು ಪಕ್ಕಾ ಆಗಿ ಸ್ಟೇಟ್‌ಮೆಂಟ್‌ಗೆ ಬರುತ್ತದೆ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕ್ಯಾಲ್ಕುಲೇಟರ್‌ನಲ್ಲಿ ಬ್ಯಾಂಕ್ ಶುಲ್ಕ ಸೊನ್ನೆ ಎಂದು ಹಾಕಿ ಆ ದಿನಗಳ ದರ ನೋಡಿ. ಅಲ್ಲಿ 1,000 ರೂಪಾಯಿ ತೋರಿಸಿ ಸ್ಟೇಟ್‌ಮೆಂಟ್‌ನಲ್ಲಿ 1,041 ಇದ್ದರೆ ನಿಮಗೆ ಸಿಕ್ಕಿರುವುದು ಶೇ. 3.5ರ ಕಾರ್ಡ್. ಮಾರ್ಕಪ್ ಅನ್ನು ಬೇರೆ ಸಾಲಿನಲ್ಲಿ ತೋರಿಸುವ ಬ್ಯಾಂಕ್‌ಗಳೂ ಇವೆ, ಆ ಸಾಲನ್ನೂ ಕೂಡಿಸಿಕೊಳ್ಳಿ.

ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಹಾಕಿಸಿ, ಇಲ್ಲವಾದರೆ ಅಲ್ಲಿ ಆನ್‌ಲೈನ್ ಟಿಕೆಟ್ ಕೊಳ್ಳಲು ಹೋದಾಗ ಕೈಕಟ್ಟುತ್ತದೆ. ಬ್ಯಾಂಕಿನ 1800 ಸಂಖ್ಯೆಗಳನ್ನು ವಿದೇಶದಿಂದ ನಂಬುವಂತಿಲ್ಲ. +91ರಿಂದ ಶುರುವಾಗುವ ಸಾಮಾನ್ಯ ಸಂಖ್ಯೆಯನ್ನು ಇಬ್ಬರೂ ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಪರ್ಸ್ ಮತ್ತು ಮೊಬೈಲ್ ಒಟ್ಟಿಗೇ ಕಳುವಾಗಬಹುದು.

ತೆರಿಗೆಯ ಭಯ ಬೇಡ. ಫಾರೆಕ್ಸ್ ಕಾರ್ಡ್‌ಗೆ ತುಂಬಿದ್ದು, ಡೆಬಿಟ್ ಕಾರ್ಡ್‌ನಲ್ಲಿ ವಿದೇಶದಲ್ಲಿ ಖರ್ಚಾದದ್ದು ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ (ವ್ಯಕ್ತಿಗಳು ವಿದೇಶಕ್ಕೆ ಹಣ ಕಳಿಸುವ ಯೋಜನೆ) ಲೆಕ್ಕಕ್ಕೆ ಸೇರುತ್ತದೆ, ಆದರೆ ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕ್ ಸಂಗ್ರಹಿಸುವ ತೆರಿಗೆ) ಕಡಿತ ಶುರುವಾಗುವುದು ಒಬ್ಬರಿಗೆ ಆರ್ಥಿಕ ವರ್ಷಕ್ಕೆ 10 ಲಕ್ಷ ದಾಟಿದ ಮೇಲೆ. 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 7 ಲಕ್ಷ ಇತ್ತು. ವಿದೇಶದಲ್ಲಿದ್ದಾಗ ಮಾಡುವ ಕ್ರೆಡಿಟ್ ಕಾರ್ಡ್ ಖರ್ಚನ್ನು ಈ ಲೆಕ್ಕಕ್ಕೆ ಸೇರಿಸುವ ಆದೇಶ 2023ರಲ್ಲಿ ಬಂದು, ಅದೇ ವರ್ಷ ಜೂನ್‌ನಲ್ಲಿ ಮುಂದೂಡಲ್ಪಟ್ಟಿತು.

ವಾಪಸ್ ಬಂದ ದಿನವೇ ಎರಡೂ ಕಾರ್ಡ್‌ಗಳ ವಿದೇಶಿ ಬಳಕೆ ನಿಲ್ಲಿಸಿ. ಮುಂದಿನ ಬಿಲ್‌ನಲ್ಲಿ ಒಂದೊಂದು ಸಾಲನ್ನೂ ಇಟ್ಟುಕೊಂಡ ಚೀಟಿಗಳ ಜೊತೆ ತಾಳೆ ನೋಡಿ, ಹೋಟೆಲ್ ಹಿಡಿತಗಳು ಹಾಗೇ ಖರ್ಚಾಗಿ ಬದಲಾಗಿಲ್ಲ ಎಂಬುದನ್ನೂ ಗಮನಿಸಿ. ನೀವು ಮಾಡದ ವಹಿವಾಟು ಕಂಡರೆ ಕಾಯಬೇಡಿ. ರಿಸರ್ವ್ ಬ್ಯಾಂಕಿನ 2017ರ ನಿಯಮದಂತೆ, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎನ್ನುವಂಥ ವಂಚನೆಯಲ್ಲಿ, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬೀಳುವುದಿಲ್ಲ.